ಆಯಿ ಅಂದರೆ ಯಾರು?

ನಮ್ಮ ಸೊಸೈಟಿಯ ಹಿಂದೆ ಒಂದು ಕಟ್ಟೆ ಇದೆ. ನಾವು ಕಟ್ಟೆ ಎನ್ನುತ್ತೇವೆ, ಪುಣೆಯವರು ಕಟ್ಟಾ ಎನ್ನುತ್ತಾರೆ. ಕೂಡುವವರು ಮಾತ್ರ ಅದೇ ಏಳೆಂಟು ಮುದುಕರು. ಹೋದ ಶನಿವಾರ ಸಂಜೆ ಮೊಮ್ಮಗಳನ್ನು ಎತ್ತಿಕೊಂಡು ಅಲ್ಲಿಗೆ ಹೋದೆ. ಮೂರನೇ ಮಹಡಿಯ ಯಜಮಾನರು ಕೂಸಿನ ಗಲ್ಲ ಹಿಂಡಿ, 'ಅಜೂನ್ ಬೋಲತ್ ನಾಹೀ ಕಾ?' ಎಂದರು. ಇನ್ನೂ ಮಾತಾಡೋದಿಲ್ಲವೇ ಅಂತ.

ಕೂಸಿಗೆ ಈಗ 14 ತಿಂಗಳು. ನಾನು ಬಾಯಿ ತೆರೆಯುವ ಮೊದಲೇ ಕಾರಣವನ್ನೂ ಅವರೇ ಹೇಳಿಬಿಟ್ಟರು. ಅಜ್ಜ ಅಜ್ಜಿಯದು ಕನ್ನಡ, ತಾಯಿಯದು ಮರಾಠಿ, ಅಡಿಗೆಯವಳದು ಹಿಂದಿ, ಗಂಡ ಹೆಂಡತಿ ಜಗಳಾಡುವುದು ಇಂಗ್ಲಿಷಿನಲ್ಲಿ. (ಇದು ಅವರಿಗೆ ಹೇಗೆ ಗೊತ್ತು ಅಂದರೆ, ನಮ್ಮ ಅಡಿಗೆಮನೆಯ ಕಿಟಕಿ ಅವರ ಬಾಲ್ಕನಿಯ ನೆತ್ತಿಯ ಮೇಲಿದೆ.) ಕೂಸು ಗೊಂದಲಕ್ಕೆ ಬಿದ್ದಿದೆಯಂತೆ. ಮನೆಯಲ್ಲಿ ಒಂದೇ ಭಾಷೆ ಇಟ್ಟುಕೊಳ್ಳಬೇಕಂತೆ. ಯಾವುದು ಆ ಒಂದು ಅಂತ ನಾನು ಕೇಳಲಿಲ್ಲ. 1979ರಿಂದ ಪುಣೆಯಲ್ಲಿದ್ದೇನೆ, ಅಷ್ಟು ಗೊತ್ತಾಗುತ್ತದೆ.

ನಾನು ಬ್ಯಾಂಕಿನಲ್ಲಿ ಇದ್ದವನು. ಎರಡು ಖಾತೆ ಇದ್ದವನ ಒಂದೇ ಪಾಸ್‌ಬುಕ್ ನೋಡಿ ಅವನನ್ನು ಬಡವ ಅನ್ನಬಾರದು. ಎರಡು ಭಾಷೆಯ ಮನೆಯ ಮಕ್ಕಳದೂ ಇದೇ ಲೆಕ್ಕ. ಒಂದೊಂದರಲ್ಲೂ ಪದ ಸ್ವಲ್ಪ ಕಡಿಮೆ ಇರಬಹುದು, ಎರಡನ್ನೂ ಕೂಡಿಸಿದರೆ ಸರಿಹೋಗುತ್ತದೆ. ಇದನ್ನು ಅಧ್ಯಯನ ಮಾಡಿದವರೇ ಹೇಳಿದ್ದಾರೆ. ಒಂದೇ ಭಾಷೆಯಲ್ಲಿ ಎಪ್ಪತ್ತು ವರ್ಷ ಮಾತಾಡಿದ ಈ ಯಜಮಾನರು ಕೇಳುವಂಥದ್ದು ಏನು ಹೇಳಿದ್ದಾರೆ ಅನ್ನುವುದು ಬೇರೆ ಪ್ರಶ್ನೆ.

ಅಷ್ಟಕ್ಕೂ, ಕೂಸು ಮಾತಾಡುವುದಿಲ್ಲ ಅನ್ನುವುದೇ ಸುಳ್ಳು. ಅದರ ತೋರುಬೆರಳು ಬೆಳಗಿನಿಂದ ಸಂಜೆಯವರೆಗೆ ಮಾತಾಡುತ್ತದೆ. ಬೆಲ್ಲದ ಡಬ್ಬಿಗೆ ಬೆರಳು ತೋರಿಸುತ್ತದೆ. ತೋರಿಸಿ, ತಿರುಗಿ ನಮ್ಮ ಮುಖ ನೋಡುತ್ತದೆ, ಇವರಿಗೆ ತಿಳಿಯಿತೋ ಇಲ್ಲವೋ ಅಂತ. ತಿಳಿಯದಿದ್ದರೆ ಮತ್ತೆ ತೋರಿಸುತ್ತದೆ. ಮೂರನೇ ಸಲಕ್ಕೆ ಕೂಗು. ನಮ್ಮ ಮ್ಯಾನೇಜರ್ ಒಬ್ಬರು ಹೀಗೇ ಕೆಲಸ ಮಾಡಿಸುತ್ತಿದ್ದರು.

ಇನ್ನು ಪದದ ವಿಷಯ. ಪದವೂ ಇದೆ. ಇದ್ದದ್ದೇ ತೊಂದರೆ ಆಗಿದೆ.

ನಾವು ಧಾರವಾಡದ ಕಡೆಯವರು. ನಮ್ಮ ಮನೆತನದಲ್ಲಿ ಅಜ್ಜಿಗೆ ಆಯಿ ಅನ್ನುವ ರೂಢಿ. ನನ್ನ ಹೆಂಡತಿ ತನ್ನ ಅತ್ತೆಯನ್ನು ಮಕ್ಕಳು ಆಯಿ ಅಂತ ಕರೆಯುವುದನ್ನು ಇಪ್ಪತ್ತು ವರ್ಷ ಕೇಳಿದವಳು. ಮುಂದೆ ಆ ಹೆಸರು ತನಗೆ ಅಂತ ಅಂದಿನಿಂದಲೇ ಕಾದಿಟ್ಟುಕೊಂಡಿದ್ದಳು. ಮಗ ಇಲ್ಲಿಯ ಸದಾಶಿವ ಪೇಟೆಯ ಮರಾಠಿ ಹುಡುಗಿಯನ್ನು ಮದುವೆಯಾದ. ಒಳ್ಳೆಯ ಹುಡುಗಿ. ಆದರೆ ಮರಾಠಿಯಲ್ಲಿ ಆಯಿ ಅಂದರೆ ತಾಯಿ. ಮದುವೆಯ ಮಾತುಕತೆಯಲ್ಲಿ ಬಂಗಾರ, ಊಟ, ಹಾಲ್ ಬಾಡಿಗೆ ಎಲ್ಲ ಮಾತಾಡಿದೆವು. ಇದೊಂದು ಯಾರ ತಲೆಗೂ ಹೊಳೆಯಲಿಲ್ಲ.

ಹನ್ನೊಂದನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಕೂಸು ನೆಲದ ಮೇಲೆ ಕೂತು, ಸ್ಪಷ್ಟವಾಗಿ, 'ಆಯಿ' ಎಂದಿತು. ಅಡಿಗೆಮನೆಯಿಂದ ನನ್ನವಳು ಓಡಿಬಂದಳು. ಮೀಟಿಂಗ್ ಬಿಟ್ಟು, ಕಿವಿಯ ವೈರು ಎಳೆದುಕೊಂಡು ಸೊಸೆ ಓಡಿಬಂದಳು. ಇಬ್ಬರೂ ಒಂದೇ ಕೂಸನ್ನು ಎರಡು ಕಡೆಯಿಂದ ಎತ್ತಿದರು.

'ನನ್ನ ಹೆಸರು ಹಿಡದು ಕರೀತು!'

'ಮಲಾ ಮ್ಹಣಾಲೀ, ಮಲಾ!'

ಒಂದು ವಾರ ಮನೆಯಲ್ಲಿ ಇದೇ ವ್ಯಾಜ್ಯ. ಸಾಕ್ಷಿ ಕೇಳಿದರು. ಕೂಸಿನ ಮುಖ ಯಾವ ಕಡೆಗೆ ಇತ್ತು ಅಂತ ನನ್ನನ್ನು ವಿಚಾರಿಸಿದರು. ಟಿವಿ ಕಡೆಗೆ ಇತ್ತು ಎಂದೆ. ಅದು ನಿಜ. ಇಬ್ಬರೂ ಆ ದಿನ ನನಗೆ ಚಹಾ ಕೊಡಲಿಲ್ಲ. ಬೀಗತಿಯವರು ಫೋನ್ ಮಾಡಿ, ಮಗುವಿನ ಮೊದಲ ಮಾತು ತಾಯಿಯೇ ಆಗಿರುತ್ತದೆ, ಇದು ಜಗತ್ತಿಗೇ ಗೊತ್ತು ಎಂದರು. ಧಾರವಾಡದಿಂದ ನನ್ನ ನಾದಿನಿ ಫೋನ್ ಮಾಡಿ, 'ಅಕ್ಕಾ, ನೀ ಬಿಟ್ಟುಕೊಡಬ್ಯಾಡ' ಎಂದಳು. ಬೆಳಗಾವಿಯ ಗಡಿ ವ್ಯಾಜ್ಯ ನಮ್ಮ ಹಾಲ್‌ನಲ್ಲೇ ನಡೆದಿತ್ತು.

ಆಮೇಲೆ ಬೇಸಿಗೆ ಬಂತು. ಸೆಕೆ ಅಂತ ತೊಟ್ಟಿಲನ್ನು ಎರಡೂ ಕೋಣೆಗಳ ನಡುವೆ, ಹಾಲ್‌ನಲ್ಲಿ ಇಟ್ಟೆವು. ರಾತ್ರಿ ಮೂರು ಗಂಟೆಗೆ ಕೂಸು ಎದ್ದು, 'ಆ...ಯಿ...' ಎಂದು ಎಳೆಯಿತು. ಯಾರೂ ಓಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಮ್ಮ ಕೋಣೆಯ ಕತ್ತಲಿನಿಂದ ನನ್ನವಳ ದನಿ: 'ನಿನ್ನ ಕರೀಲಿಕ್ಕತ್ತದ ನೋಡವಾ.' ಆ ಕಡೆಯ ಕತ್ತಲಿನಿಂದ ಸೊಸೆಯ ದನಿ, ಶುದ್ಧ ಕನ್ನಡದಲ್ಲಿ: 'ಇಲ್ಲ ಆಯಿ, ನಿಮ್ಮನ್ನೇ.'

ಅತ್ತೆಗೆ ಆಯಿ ಅನ್ನುವುದು ಅವರ ಕಡೆಯ ಪದ್ಧತಿ. ಅವಳ ಬಾಯಿಯಿಂದಲೇ ತೀರ್ಪು ಬಂತಲ್ಲ ಅಂತ ನನ್ನವಳಿಗೆ ಖುಷಿಯಾಗಿರಬೇಕು. ಆದರೂ ಏಳಲಿಲ್ಲ. ಎದ್ದವನು ನಾನು.

ಕೂಸು ತೊಟ್ಟಿಲ ಅಂಚು ಹಿಡಿದು ನನ್ನನ್ನು ನೋಡಿತು. 'ಬಾಪ್ಪಾ' ಎಂದಿತು. ಬಾ, ಅಪ್ಪಾ! ಎರಡು ಪದದ ವಾಕ್ಯ! ಅದೂ ಕನ್ನಡದಲ್ಲಿ! ಬೆಳಗಾಗುವವರೆಗೆ ನಿದ್ದೆ ಬರಲಿಲ್ಲ. ತಿಂಡಿಯ ಹೊತ್ತಿಗೆ ಘೋಷಿಸಿದೆ. ಸೊಸೆ ನಕ್ಕಳು. 'ಬಾಬಾ, ಅದು ಗಣಪತಿ ಬಾಪ್ಪಾ. ದಿನಾ ಸಂಜೆ ದೇವರ ಮುಂದೆ ಹೇಳಿಕೊಡ್ತೀನಲ್ಲ.' ಮಗ, 'ಪಪ್ಪಾ ಅಂದಿರಬೇಕು' ಎಂದ. ಅವನು ಆ ರಾತ್ರಿ ಗೊರಕೆ ಹೊಡೆಯುತ್ತಿದ್ದ. ಹಕ್ಕು ಮಾತ್ರ ಬೇಕು.

ರೋಮನ್ ಯಾಕೊಬ್ಸನ್ ಅಂತ ಒಬ್ಬ ಭಾಷಾವಿಜ್ಞಾನಿ ಇದ್ದರು. ಜಗತ್ತಿನ ಎಷ್ಟೋ ಭಾಷೆಗಳಲ್ಲಿ ಅಪ್ಪ ಅಮ್ಮನಿಗೆ ಪ, ಬ, ಮ ಇರುವ ಪದಗಳೇ ಯಾಕೆ ಅಂತ ವಿಚಾರ ಮಾಡಿದವರು. ತುಟಿ ಮುಚ್ಚಿ ತೆರೆದರೆ ಸಾಕು, ಆ ದನಿ ಬರುತ್ತದೆ. ಬಾಯಿ ತುಂಬ ಹಾಲಿದ್ದಾಗ ಮೂಗಿನಿಂದ ಹೊರಡುವ ಗುನುಗೇ ಮ. ಕೂಸು ಸುಮ್ನೆ ದನಿ ಮಾಡುತ್ತದೆ, ದೊಡ್ಡವರು ಅದಕ್ಕೆ ತಮ್ಮ ಹೆಸರು ಅಂಟಿಸಿಕೊಳ್ಳುತ್ತಾರೆ. ಈ ಯಾಕೊಬ್ಸನ್ ನನಗೆ ಅಷ್ಟು ಹಿಡಿಸಲಿಲ್ಲ.

ನನಗೆ ಹಿಡಿಸಿದ್ದು ಕೆನಡಾದ ಮನೋವಿಜ್ಞಾನಿ ಜಾನೆಟ್ ವೆರ್ಕರ್. ಅವರೂ ರಿಚರ್ಡ್ ಟೀಸ್ ಎಂಬುವರೂ 1984ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಇಂಗ್ಲಿಷ್ ಮನೆಗಳ ಕೂಸುಗಳಿಗೆ ನಮ್ಮ ಕಡೆಯ ತ ಮತ್ತು ಟ ಕೇಳಿಸಿದರು. ಹಿಂದಿಯವು, ಇರಲಿ. ಆರರಿಂದ ಎಂಟು ತಿಂಗಳ ಕೂಸುಗಳಿಗೆ ಎರಡೂ ಬೇರೆ ಅಂತ ಗೊತ್ತಾಯಿತು. ವರ್ಷ ತುಂಬುವಷ್ಟರಲ್ಲಿ ಹೆಚ್ಚಿನವಕ್ಕೆ ಆ ಕಿವಿ ಹೋಗಿತ್ತು. ಮನೆಯಲ್ಲಿ ಕೇಳದ ವ್ಯತ್ಯಾಸವನ್ನು ಇಟ್ಟುಕೊಂಡು ಏನು ಮಾಡುವುದು ಅಂತ ಬಿಟ್ಟುಬಿಡುತ್ತವೆ. 1980ರ ಸುಮಾರಿಗೆ ಪುಣೆಯ ಕೋರೆಗಾಂವ್ ಪಾರ್ಕಿನ ರಜನೀಶ್ ಆಶ್ರಮಕ್ಕೆ ಬಂದ ವಿದೇಶಿಯರು ನಮ್ಮ ಶಾಖೆಗೆ ಬರುತ್ತಿದ್ದರು. ನಮ್ಮ ಮೈಸೂರಿನ ಕ್ಯಾಶಿಯರ್ ಮೊಮ್ಮಗ ಹುಟ್ಟಿದ ಖುಷಿಗೆ ಪೇಢೆ ಹಂಚಿ, ಒಬ್ಬಾಕೆಗೆ 'ನಾನು ತಾತ' ಅಂತ ಹೇಳಿಕೊಡಲು ಹೋದ. ಪಾಪ, ಆಕೆ ಕೌಂಟರ್ ಮುಂದೆ ಎಷ್ಟು ಒದ್ದಾಡಿದರೂ ಟಾಟಾ, ಟಾಟಾ. ಮುದುಕನನ್ನು ಪಿಂಪ್ರಿಯ ಟಾಟಾ ಕಾರ್ಖಾನೆ ಮಾಡಿಬಿಟ್ಟಳು.

ನಮ್ಮ ಕೂಸಿಗೆ ಆ ಚಿಂತೆ ಇಲ್ಲ. ತ-ಟ ಎರಡೂ ಕಡೆ ಇದೆ. ಅದಕ್ಕಿಂತ ದೊಡ್ಡದು, ಳ ಇದೆ. ಬೀಗರ ಜೊತೆ ನನಗೆ ನೂರು ತಕರಾರು. ವರಣಕ್ಕೆ ಬೆಲ್ಲ ಹಾಕುತ್ತಾರೆ, ಮಧ್ಯಾಹ್ನ ಒಂದರಿಂದ ನಾಲ್ಕು ಫೋನ್ ಎತ್ತುವುದಿಲ್ಲ. ಆದರೆ ಅವರು ಕೇಳ ಅನ್ನಲಿ, ನಾವು ಬಾಳೆ ಅನ್ನಲಿ, ಳ ಗಟ್ಟಿಯಾಗಿ ಬೀಳುತ್ತದೆ. ಅಡಿಗೆಯವಳು ಹಿಂದಿಯಲ್ಲಿ ಕೇಲಾ ಅಂದಾಗ ಬೀಗರೂ ನಾನೂ ಒಟ್ಟಿಗೆ ಮುಖ ಕಿವುಚುತ್ತೇವೆ.

ಮಗ ಮಾತ್ರ ಯಾವುದೋ ಆ್ಯಪ್‌ಗೆ ದುಡ್ಡು ಕಟ್ಟಿದ್ದಾನೆ. ಒಬ್ಬ ಹೆಂಗಸು ಹಲ್ಲು ಕಿರಿದು ಬಣ್ಣದ ಆನೆ ತೋರಿಸಿ ಕಿರುಚುತ್ತಾಳೆ. ಇದರಿಂದ ಕೂಸು ಕಲಿಯುವುದಿಲ್ಲ ಅಂತ ಅಮೆರಿಕದ ಸಂಶೋಧಕಿ ಪಟ್ರಿಶಿಯಾ ಕುಲ್ ಮತ್ತು ಜೊತೆಯವರು 2003ರಲ್ಲೇ ತೋರಿಸಿದ್ದಾರೆ. ಒಂಬತ್ತು ತಿಂಗಳ ಅಮೆರಿಕದ ಕೂಸುಗಳ ಎದುರು ಚೀನೀ ಮಾತಿನವರು ಕೂತು 12 ಸಲ ಆಡಿಸಿದರೆ, ಚೀನೀ ದನಿಗಳ ಗುರುತು ಹತ್ತಿತು. ಅದೇ ಜನ ಟಿವಿಯೊಳಗಿಂದ ಮಾತಾಡಿದರೆ ಏನೂ ಇಲ್ಲ. ಮನೆಯಲ್ಲಿ ಪುಕ್ಕಟೆ ಅಜ್ಜ ಇರುವಾಗ ಈ ಖರ್ಚು ಯಾಕೆ? ಹೇಳಿದೆ. 'ಹೂಂ ಅಪ್ಪಾ' ಎಂದು ಫೋನ್ ನೋಡುತ್ತಾ ಕೂತ.

ಪುಣೆಯ ಭಾಷಾವಿಜ್ಞಾನಿ ಅಶೋಕ ಕೇಳ್ಕರ್ ಅವರು 1964ರಲ್ಲಿ ಮರಾಠಿ ಕೂಸುಮಾತಿನ ಮೇಲೆ, ಅಂದರೆ ದೊಡ್ಡವರು ಕೂಸಿನ ಜೊತೆ ಆಡುವ ಮಾತಿನ ಮೇಲೆ, ಲೇಖನ ಬರೆದರು. ಭೂಭೂ, ಮಾವೂ, ಭುರ್ರ್, ಇಂಥ ಮಾತು. ಅದೇ ವರ್ಷ ಅಮೆರಿಕದ ಚಾರ್ಲ್ಸ್ ಫರ್ಗ್ಯುಸನ್ (ನಮ್ಮ ಪುಣೆಯ ಫರ್ಗ್ಯುಸನ್ ಕಾಲೇಜಿಗೂ ಇವರಿಗೂ ಸಂಬಂಧವಿಲ್ಲ) ಆರು ಭಾಷೆಗಳ ಕೂಸುಮಾತನ್ನು ಹೋಲಿಸಿದರು. ಮರಾಠಿ ಇದೆ. ಅಮೆರಿಕದ ಮೂಲನಿವಾಸಿಗಳ ಕೊಮಾಂಚಿ ಇದೆ. ಕನ್ನಡ ಇಲ್ಲ. ಎರಡು ಸಲ ನೋಡಿದೆ. ನಮ್ಮ ತಾಚಿ, ಮಮ್ಮು, ಗುಮ್ಮ ಯಾರಿಗೆ ಏನು ಮಾಡಿದ್ದವು?

ಆ ಸಿಟ್ಟಿಗೆ ಕೂಸಿನ ಮುಂದೆ ತಾಚಿ, ಮಮ್ಮು ಜಾಸ್ತಿ ಮಾಡಿದೆ. ಕೂಸು ಕಲಿತದ್ದು ಕಡಿಮೆ, ನಾವಿಬ್ಬರು ಕೆಟ್ಟದ್ದು ಹೆಚ್ಚು. ಮೊನ್ನೆ ಧಾರವಾಡದ ಗೆಳೆಯನಿಗೆ ಫೋನಿನಲ್ಲಿ, 'ಮಮ್ಮು ಆತೇನು?' ಎಂದೆ. ಅವನು ಜಿಲ್ಲಾ ನ್ಯಾಯಾಧೀಶನಾಗಿದ್ದವನು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಆತು' ಎಂದ.

ಈ ಶನಿವಾರ ಮತ್ತೆ ಕಟ್ಟೆಗೆ ಹೋದೆವು. ಮೂರನೇ ಮಹಡಿಯವರು ಗಲ್ಲ ಹಿಂಡಲು ಕೈ ಚಾಚಿದರು. ಕೂಸು ಅವರನ್ನೇ ದಿಟ್ಟಿಸಿ ನೋಡಿತು. ಬೆರಳನ್ನು ಗೇಟಿನ ಕಡೆ ಚಾಚಿ, 'ಭುರ್ರ್' ಎಂದಿತು. ಮರಾಠಿ ಕೂಸುಗಳ ಲೆಕ್ಕದಲ್ಲಿ ಇದರ ಅರ್ಥ ಹೊರಗೆ ಹೋಗುವುದು. ಯಾರು ಹೋಗಬೇಕು ಅನ್ನುವುದು ಬೆರಳಿನಿಂದ ತಿಳಿಯಲಿಲ್ಲ.

'ಕಾಯ್ ಮ್ಹಣಾಲೀ?' ಎಂದರು ಅವರು, ಕಿವಿಯ ಹತ್ತಿರ ಕೈ ಇಟ್ಟುಕೊಂಡು. ಏನಂದಳು?

'ಕನ್ನಡದಲ್ಲಿ ನಮಸ್ಕಾರ ಅಂದಳು' ಎಂದೆ.