ಎತ್ತುವ ಭಾರ ಇಳಿಸಿದ ಮೇಲೆ ಎದೆ ಬೆಳೆಯಿತು

ನಿನ್ನೆ ಸಂಜೆ ಜಿಮ್‌ನಲ್ಲಿ ಹುಡುಗನೊಬ್ಬ 80 ಕೆ.ಜಿ. ಬೆಂಚ್ ಪ್ರೆಸ್, ಅಂದರೆ ಬೆಂಚಿನ ಮೇಲೆ ಮಲಗಿ ಬಾರನ್ನು ಎದೆಯಿಂದ ಮೇಲಕ್ಕೆ ಎತ್ತುವ ವ್ಯಾಯಾಮ, ಮಾಡುತ್ತಿದ್ದ. ಬಾರ್ ಎದೆಗೆ ಬಡಿದು ಪುಟಿಯುತ್ತಿತ್ತು, ಸೊಂಟ ಬೆಂಚಿನಿಂದ ಏಳುತ್ತಿತ್ತು, ತಲೆಯ ಹಿಂದೆ ನಿಂತ ಗೆಳೆಯ ಅರ್ಧ ಭಾರ ಎಳೆಯುತ್ತಿದ್ದ. ಸುತ್ತಲಿದ್ದವರು ಶಹಬ್ಬಾಸ್ ಎಂದರು. ನನಗೆ ಸಂಕಟವಾಯಿತು. ಪವರ್‌ಲಿಫ್ಟಿಂಗ್ ಸ್ಪರ್ಧೆಯಲ್ಲಿ ಬಾರ್ ಎದೆಯ ಮೇಲೆ ಅಲುಗದೆ ನಿಂತ ನಂತರವೇ ತೀರ್ಪುಗಾರರು ಎತ್ತಲು ಹೇಳುವುದು. ಸೊಂಟ ಎದ್ದರೆ ಆ ಪ್ರಯತ್ನವೇ ಅಸಿಂಧು.

ಎರಡು ವರ್ಷ ನಾನೂ ಹೀಗೆಯೇ ಎತ್ತಿದವನು. ತೋಳು ದಪ್ಪವಾಯಿತು, ಎಡಭುಜ ನೋಯತೊಡಗಿತು, ಎದೆ ಮಾತ್ರ ಇದ್ದಂತೆಯೇ ಇತ್ತು. ಎದೆಯ ದೊಡ್ಡ ಸ್ನಾಯು ಕಾಲರ್ ಮೂಳೆ, ಎದೆಮೂಳೆ, ಪಕ್ಕೆಲುಬುಗಳಿಂದ ಬೀಸಣಿಗೆಯಂತೆ ಹೊರಟು ತೋಳಿನ ಮೂಳೆಗೆ ಸೇರುತ್ತದೆ. ತೋಳನ್ನು ಎದೆಯ ಮುಂದಕ್ಕೆ, ನಡುವಿನ ಕಡೆಗೆ ತರುವುದು ಅದರ ಕೆಲಸ. ಅರ್ಧಕ್ಕೇ ಇಳಿಸಿ ಎತ್ತಿದರೆ ಅದು ಚೆನ್ನಾಗಿ ಹಿಗ್ಗುವುದೇ ಇಲ್ಲ. ಹೆಚ್ಚಿನ ಭಾರ ತೋಳಿನ ಹಿಂಬದಿಯ ಸ್ನಾಯುವಾದ ಟ್ರೈಸೆಪ್ಸ್ ಮತ್ತು ಭುಜದ ಪಾಲಾಗುತ್ತದೆ.

20 ಕೆ.ಜಿ.ಯ ಬರಿಯ ಬಾರಿನಿಂದ ಮತ್ತೆ ಶುರು ಮಾಡಿದೆ. ಮಲಗಿದ ಕೂಡಲೇ ಬೆನ್ನಿನ ಎರಡೂ ಹಲಗೆ ಮೂಳೆಗಳನ್ನು ಹಿಂದಕ್ಕೆ, ಕೆಳಕ್ಕೆ ಒತ್ತಿ ಬೆಂಚಿಗೆ ಕಚ್ಚಿಸುತ್ತೇನೆ. ಎಲ್ಲ ನಿಂತಿರುವುದು ಇದರ ಮೇಲೆ. ಅದು ಸಡಿಲವಾದರೆ ಭುಜ ಮುಂದಕ್ಕೆ ಬಂದು ಎದೆಯ ಕೆಲಸವನ್ನು ಕಸಿದುಕೊಳ್ಳುತ್ತದೆ. ಮೊಣಕೈಗಳನ್ನು ಶಿಲುಬೆಯಂತೆ ಚಾಚದೆ, ಮೈಯಿಂದ 45ರಿಂದ 60 ಡಿಗ್ರಿ ಕೋನದಲ್ಲಿ ಇಟ್ಟುಕೊಳ್ಳುತ್ತೇನೆ. ಮೂರು ಎಣಿಸುತ್ತಾ ಇಳಿಸಿ, ಎದೆಗೆ ಮುಟ್ಟಿಸಿ, ಕ್ಷಣ ನಿಲ್ಲಿಸಿ ಎತ್ತುತ್ತೇನೆ. ಎದೆಯ ಮೇಲ್ಭಾಗಕ್ಕೆ ಸುಮಾರು 30 ಡಿಗ್ರಿ ಓರೆಯ ಬೆಂಚಿನಲ್ಲಿ ಡಂಬೆಲ್. ಬೆಂಚ್ ಇನ್ನೂ ನೆಟ್ಟಗಾದಷ್ಟೂ ಅದು ಭುಜದ ವ್ಯಾಯಾಮವಾಗುತ್ತಾ ಹೋಗುತ್ತದೆ.

ಗರಡಿಯ ದಂಡವನ್ನು ನೆನಪಿಸಿಕೊಳ್ಳಿ. ಎದೆ ನೆಲ ಸವರಿಕೊಂಡು ಹೋಗಬೇಕು, ಇಲ್ಲವಾದರೆ ಅದು ದಂಡವೇ ಅಲ್ಲ. ಬೆಂಚಿಗೆ ಬಂದವರು ಆ ಶಿಸ್ತನ್ನು ಏಕೆ ಬಿಟ್ಟೆವು? ತರಬೇತುದಾರರ ಮೇಲೆ ನನಗೆ ನಿಜವಾದ ಸಿಟ್ಟಿದೆ. ತಿಂಗಳ ಶುಲ್ಕ ಪಡೆದ ಮೇಲೆ ಪ್ಲೇಟ್ ಹಾಕಿಕೊಡುವುದಷ್ಟೇ ಅಲ್ಲ, ಹುಡುಗರ ಮೊಣಕೈ ಹಿಡಿದು ತಿದ್ದುವುದೂ ಅವರ ಕೆಲಸ.

ಕೊನೆಗೆ ನಾನೇ ಆ ಹುಡುಗನ ಬಳಿ ಹೋಗಿ, 40 ಕೆ.ಜಿ.ಗೆ ಇಳಿಸಿ ನೋಡಪ್ಪಾ ಎಂದೆ. ಎಲ್ಲರೂ ನೋಡುತ್ತಿದ್ದಾರೆ ಅಣ್ಣ ಎಂದು ಹಿಂಜರಿದ. ಆದರೂ ಮಲಗಿದ. ಏಳನೆಯ ಸಲಕ್ಕೆ ಕೈ ನಡುಗಿತು, ಎಂಟನೆಯದನ್ನು ನಿಧಾನವಾಗಿ ಮುಗಿಸಿದ. ಎದ್ದು ಕುಳಿತು ಕಂಕುಳಿನ ಮುಂಭಾಗವನ್ನು ಒತ್ತಿಕೊಳ್ಳುತ್ತಾ, "ಇಲ್ಲಿ ಇಷ್ಟು ದಿನ ಏನೂ ಗೊತ್ತಾಗುತ್ತಿರಲಿಲ್ಲ ಅಣ್ಣ" ಎಂದ.