ಒಂದೂ ಮುಕ್ಕಾಲು ಸುತ್ತು

ಬ್ಯಾಲೆಯಲ್ಲಿ ಮಧ್ಯಮ ಹಂತಕ್ಕೆ ಬಂದವರಿಗೆ ಎರಡು ಸುತ್ತಿನ ಪಿರುಯೆಟ್, ಅಂದರೆ ಒಂಟಿ ಕಾಲಲ್ಲಿ ಹಾಕುವ ಗಿರಕಿ, ಕಲಿಸುತ್ತಾರೆ. ಬರುವುದು ಒಂದೂ ಮುಕ್ಕಾಲು. ಮಿಕ್ಕಿದ್ದನ್ನು ಸೋಫಾದ ಮೇಲೆ ಬಿದ್ದು ಪೂರೈಸಬೇಕು. ಎಲ್ಲ ಊರಲ್ಲೂ ಇದೇ ಪಾಡು, ಆದರೆ ಮಳೆಗಾಲದ ಮಡಿಕೇರಿಯಲ್ಲಿ ಗೋಡೆಯೂ ನಮ್ಮ ವಿರುದ್ಧ ಸೇರಿಕೊಳ್ಳುತ್ತದೆ.

ತಿರುಗುವಾಗ ತಲೆ ಸುತ್ತದಿರಲು ಎದುರಿಗೆ, ಕಣ್ಣಿನ ಮಟ್ಟಕ್ಕೆ, ಒಂದು ಗುರುತು ಬೇಕು. ಮೈ ತಿರುಗಿದರೂ ಕಣ್ಣು ಅಲ್ಲೇ ನೆಟ್ಟಿರಬೇಕು. ಇನ್ನು ಕುತ್ತಿಗೆ ತಾಳದು ಎಂದಾಗ ತಲೆ ಥಟ್ಟನೆ ತಿರುಗಿ, ಮೈಗಿಂತ ಮೊದಲೇ ಅದೇ ಗುರುತಿಗೆ ಬಂದು ಸೇರಬೇಕು. ಗುರುತು ಕೆಳಗಿದ್ದರೆ ಗದ್ದ ಇಳಿದು ಮೈ ಮುಂದಕ್ಕೆ ವಾಲುತ್ತದೆ, ಮೇಲಿದ್ದರೆ ಹಿಂದಕ್ಕೆ. ನಮ್ಮ ಗೋಡೆಗಳಲ್ಲಿ ಪುಕ್ಕಟೆ ಸಿಗುವ ಗುರುತೆಂದರೆ ಬೂಷ್ಟಿನ ಚುಕ್ಕೆ. ಜೂನ್‌ನಲ್ಲಿ ಅದು ಒಂಟಿ. ಜುಲೈ ನಡುವೆ ಶುರುವಾಗುವ ಕಕ್ಕಡ ತಿಂಗಳ ಹೊತ್ತಿಗೆ ಅದಕ್ಕೆ ಸಂಸಾರವಾಗಿರುತ್ತದೆ. ತಲೆ ಹೊರಟದ್ದು ಅಪ್ಪನನ್ನು ನೋಡಿ, ಬಂದು ಸೇರಿದ್ದು ಚಿಕ್ಕಪ್ಪನ ಹತ್ತಿರ. ಆ ಒಂದು ಗೇಣಿನ ವ್ಯತ್ಯಾಸಕ್ಕೆ ಕುತ್ತಿಗೆ ವಾಲಿ, ಅದರ ಹಿಂದೆ ಭುಜ ವಾಲಿ, ಅದರ ಹಿಂದೆ ಸೊಂಟ ವಾಲಿ, ಸೋಫಾ. ಕೆಂಪು ಟೇಪ್ ಅಂಟಿಸಬಾರದೇ ಎನ್ನುವವರು ಕಕ್ಕಡದ ಗೋಡೆಗೆ ಟೇಪ್ ಅಂಟಿಸಿ ನೋಡಿದವರಲ್ಲ. ಮೊದಲ ಸುತ್ತಿಗೆ ಗೋಡೆಯಲ್ಲಿದ್ದದ್ದು ಎರಡನೆಯದಕ್ಕೆ ನೆಲದಲ್ಲಿರುತ್ತದೆ. ಇನ್ನು ಅತ್ತೆಯಂದಿರಿಗೆ ಆ ಚುಕ್ಕೆ ಗುರುತಲ್ಲ, ಮಾನದ ಪ್ರಶ್ನೆ. ನೆಂಟರು ಬರುವ ಮುಂಚೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಬಿಡುತ್ತಾರೆ. ಮಾರನೇ ದಿನ ಅಭ್ಯಾಸಕ್ಕೆ ನಿಂತರೆ ಅಪ್ಪನೂ ಇಲ್ಲ, ಚಿಕ್ಕಪ್ಪನೂ ಇಲ್ಲ.

ಗೋಡೆಯನ್ನು ಎಷ್ಟು ಬೈದರೂ ಮುಕ್ಕಾಲು ಪಾಲು ಪಿರುಯೆಟ್ ಕೆಡುವುದು ತಿರುಗುವ ಮೊದಲೇ. ಬಲಕ್ಕೆ ತಿರುಗಬೇಕಾದರೆ ಎಡಗಾಲು ಮುಂದೆ, ಬಲಗಾಲು ಹಿಂದೆ, ತೂಕ ಹೆಚ್ಚಾಗಿ ಎಡಗಾಲಿನ ಮೇಲೆ, ಬಲಗೈ ಎದೆಯ ಮುಂದೆ, ಎಡಗೈ ಪಕ್ಕಕ್ಕೆ. ಇಷ್ಟು ಶಿಸ್ತಾಗಿ ನಿಂತವರು ಕೊನೇ ಗಳಿಗೆಯಲ್ಲಿ, ಹಳೇ ಜೀಪಿಗೆ ಹ್ಯಾಂಡಲ್ ಹಾಕಿ ತಿರುಗಿಸುವಂತೆ, ಬಲಗೈಯನ್ನು ಹಿಂದಕ್ಕೆ ಬೀಸುತ್ತಾರೆ. ಬೇಕಾದದ್ದು ಬೀಸಲ್ಲ. ಎಡಗೈ ಬೇಗ ಬಂದು ಬಲಗೈಯನ್ನು ಕೂಡಿಕೊಳ್ಳಬೇಕು, ಎಡ ಮಂಡಿ ನೇರವಾಗಿ ಹಿಮ್ಮಡಿ ಮೇಲೇಳಬೇಕು, ಬಲಗಾಲಿನ ಬೆರಳು ಎಡ ಮಂಡಿಗೆ ತಾಗಬೇಕು, ಎಲ್ಲವೂ ಒಂದೇ ಏಟಿಗೆ. ಇಟಲಿಯ ನರ್ತಕಿ ಪಿಯೆರಿನಾ ಲೆನ್ಯಾನಿ 1895ರಲ್ಲಿ ಸ್ವಾನ್ ಲೇಕ್ ಬ್ಯಾಲೆಯಲ್ಲಿ 32 ಫುಯೆತೆ, ಅಂದರೆ ಕಾಲು ಬೀಸುತ್ತ ಒಂದರ ಹಿಂದೊಂದು ಹಾಕುವ ಗಿರಕಿ, ತಿರುಗಿದಳು. ಅವಳ ಗೋಡೆಯಲ್ಲಿ ಬೂಷ್ಟು ಇದ್ದಿರಲಾರದು.

ವಿಡಿಯೊ ನೋಡಿ ಕಲಿಯುವವರಿಗೆ ಬೇರೆಯೇ ಸಂಕಟ. ತಲೆಯ ಮೇಲೆ ಕಮಾನಾಗಿ ಎತ್ತಿದ ಎರಡು ಕೈ ರಷ್ಯದ ವಾಗನೋವಾ ಪದ್ಧತಿಯಲ್ಲಿ ಮೂರನೇ ಸ್ಥಾನ, ಇಟಲಿಯ ಚೆಕೆಟ್ಟಿ ಪದ್ಧತಿಯಲ್ಲಿ ಐದನೆಯದು. ಸೋಮವಾರ ಒಂದು ಚಾನೆಲ್, ಗುರುವಾರ ಇನ್ನೊಂದು ನೋಡಿದವರ ಕೈಗಳು ಯಾರ ಮಾತು ಕೇಳುವುದೆಂದು ತಿಳಿಯದೆ ಅರ್ಧದಲ್ಲೇ ತೂಗಾಡುತ್ತವೆ. ಪಾದ ಹೊರಕ್ಕೆ ತಿರುಗಬೇಕಾದದ್ದು ಸೊಂಟದ ಕೀಲಿನಿಂದ. ಅದು ಬಿಟ್ಟು ಪಾದವನ್ನು ನೆಲಕ್ಕೊತ್ತಿ ತಿರುಚಿದರೆ ಆ ಹೊರೆಯೆಲ್ಲ ಮಂಡಿಯ ಮೇಲೆ. ಇದನ್ನು ವಿಡಿಯೊದಲ್ಲಿ ಹತ್ತು ಸಲ ಹೇಳುತ್ತಾರೆ. ಆದರೆ ಎದುರಿಗೆ ನಿಂತ ಟೀಚರ್ ಸೊಂಟದ ಮೂಳೆಗೆ ಒಂದು ಬೆರಳು ತಾಗಿಸಿ "ಇದು ಅಲುಗಬಾರದು" ಅಂದರೆ ಸಾಕು, ಅಷ್ಟು ದಿನ ಆಗದ್ದು ಆಗಿಬಿಡುತ್ತದೆ. ಆ ಬೆರಳು ಘಟ್ಟದ ಮೇಲಿನ ಊರುಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಮಳೆ ಶೀಟಿನ ಮೇಲೆ ಬಡಿಯುವಾಗ ಫೋನಿನ ಪಿಯಾನೊ ಕೂಡ ಕೇಳಿಸುವುದಿಲ್ಲ, ನಮಗೆ ನಾವೇ ಎಣಿಸಿಕೊಳ್ಳಬೇಕು. ಎಣಿಸುವುದೇ ಆದರೆ ಮೊದಲು ತಿರುಗದೆ, ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಿ ನಾಲ್ಕು ಎಣಿಸಿ. ನಿಲ್ಲಲಾಗದಿದ್ದರೆ ಎರಡು ಸುತ್ತಿನ ಮಾತು ಬೇಡ.

ನೆಲದ ವಿಚಾರ ಚಿಕ್ಕದು. ರೆಡ್ ಆಕ್ಸೈಡ್ ನೆಲ ಬೆವರಿದರೆ ಜಾರುತ್ತದೆ. ಅದಕ್ಕೆಂದು ರಾಳದ ಪುಡಿ ಉಜ್ಜಿದರೆ ತೇವಕ್ಕೆ ಅಂಟಂಟಾಗಿ ಪಾದ ನೆಲಕ್ಕೇ ಕಚ್ಚಿಕೊಂಡು, ಮೈ ಮಾತ್ರ ತಿರುಗಿ, ಮಂಡಿ ಉಳುಕುತ್ತದೆ. ಒಣಬಟ್ಟೆಯಲ್ಲಿ ಒರೆಸಿಕೊಳ್ಳುವುದೇ ವಾಸಿ. ಸಿಮೆಂಟ್ ನೆಲದ ಮೇಲೆ ಜಿಗಿತಗಳಂತೂ ಬೇಡವೇ ಬೇಡ.

ಬೆರಳ ತುದಿಯಲ್ಲಿ ನಿಲ್ಲಲು ಹಾಕುವ ಪಾಯಿಂಟ್ ಶೂ ಇದ್ದವರ ಗೋಳು ಕೇಳಬೇಡಿ. ಅದರ ಗಟ್ಟಿ ಮೂತಿ ಬಟ್ಟೆ, ಕಾಗದಗಳನ್ನು ಅಂಟಿನಲ್ಲಿ ಪದರ ಪದರವಾಗಿ ಕೂಡಿಸಿದ್ದು. ಬೆವರು, ತೇವ ಎರಡೂ ಸೇರಿದರೆ ಮೆತ್ತಗಾಗಿ ಬೆರಳಿಗೆ ಆಸರೆಯೇ ಇರುವುದಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬಾರದು, ಒಳಗೆ ನ್ಯೂಸ್‌ಪೇಪರ್ ತುರುಕಿ ಗಾಳಿಯಾಡುವ ಕಡೆ ತೂಗುಹಾಕಬೇಕು. ಆಗಸ್ಟಿನಲ್ಲಿ ಗಾಳಿಯೂ ಒದ್ದೆ, ನ್ಯೂಸ್‌ಪೇಪರೂ ಒದ್ದೆ. ಆಗ ಮನೆಯ ಹಿರಿಯರೊಬ್ಬರು ಕರುಣೆಯಿಂದ, "ಕೊಡವ್ವ ಇಲ್ಲಿ, ಒಲೆ ಮೇಲೆ ಕಟ್ತೇನೆ" ಎಂದು ಗುಲಾಬಿ ಸ್ಯಾಟಿನ್ ಶೂಗಳನ್ನು ಒಣಗುತ್ತಿರುವ ಹಂದಿ ಮಾಂಸದ ಪಕ್ಕದಲ್ಲೇ ನೇತುಹಾಕುತ್ತಾರೆ. ಮಾಂಸಕ್ಕೆ ಹೊಗೆ ಹಿಡಿದಷ್ಟೂ ರುಚಿ. ಸ್ಯಾಟಿನ್‌ಗೆ ಆ ಗುಣ ಇಲ್ಲ.