ಹಾಲಿನ ಮೇಲೆ ನಿಮ್ಮ ತಕರಾರೇನು?

ಹೋದ ಭಾನುವಾರ ನಾದಿನಿ ಫೋನ್ ಮಾಡಿದ್ದಳು. "ಅತ್ತಿಗೆ, ನೀವು ಚಹಾಕ್ಕೆ ಅದ್ಯಾವುದೋ ಬೇರೆ ಹಾಲು ಹಾಕ್ತೀರಂತಲ್ಲ, ಹೆಸರು ಹೇಳಿ, ನಾನೂ ತರಿಸ್ತೀನಿ. ಮದುವೆ ಸೀಸನ್ ಬರೋದ್ರೊಳಗೆ ನಾಲ್ಕು ಕೆಜಿ ಇಳಿಸ್ಬೇಕು." ನಾನು ಹಾಲು ಬಿಟ್ಟಿದ್ದು ತೂಕಕ್ಕಲ್ಲ, ಹೊಟ್ಟೆಗೆ ಎಂದೆ. "ಎರಡೂ ಒಂದೇ ಅಲ್ವಾ?" ಎಂದಳು.

ಅಲ್ಲ. ಅವಳಿಗೆ ಫೋನಲ್ಲಿ ಬಿಡಿಸಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಒಂದು ಲೋಟ ಮಾಡಿಕೊಂಡೇ ಕೂತ್ಕೊಳ್ಳಿ.

ಮೊದಲು ತೂಕದ ವಿಷಯ ಮುಗಿಸಿಬಿಡೋಣ, ಅದು ಬರೀ ಲೆಕ್ಕ. ನಮ್ಮ ನಂದಿನಿ ನೀಲಿ ಪ್ಯಾಕೆಟ್ ಇದೆಯಲ್ಲ, ಅದು ಟೋನ್ಡ್ ಹಾಲು, ಕೊಬ್ಬು 3%. 100 ಮಿ.ಲೀ.ಗೆ 58–60 ಕ್ಯಾಲೊರಿ. ಡಬಲ್ ಟೋನ್ಡ್‌ನಲ್ಲಿ ಕೊಬ್ಬು ಅರ್ಧ, 1.5%, ಕ್ಯಾಲೊರಿ 46–48. ಒಂದು ದಿನ ಔಷಧಿ ಬಾಟಲಿ ಜೊತೆ ಬಂದ ಅಳತೆ ಮುಚ್ಚಳ ಹಿಡಿದುಕೊಂಡು ನಮ್ಮ ಮನೆ ಲೋಟಕ್ಕೆ ಎಷ್ಟು ಹಾಲು ಬೀಳುತ್ತೆ ಅಂತ ಅಳೆದೆ. 75 ಮಿ.ಲೀ. ಅಂದರೆ ನೀಲಿ ಪ್ಯಾಕೆಟ್ ಬಿಟ್ಟು ಡಬಲ್ ಟೋನ್ಡ್ ತಂದರೆ ಲೋಟಕ್ಕೆ ಉಳಿಯುವುದು ಒಂಬತ್ತೋ ಹತ್ತೋ ಕ್ಯಾಲೊರಿ. ಒಂದು ಚಮಚ ಸಕ್ಕರೆಗೇ 20. ನಾದಿನಿ ಲೋಟಕ್ಕೆ ಎರಡು ಚಮಚ ಹಾಕುವವಳು. ಅದ್ದಿ ತಿನ್ನಲು ಮೂರು ಮಾರಿ ಬಿಸ್ಕತ್ತು, ಒಂದೊಂದೂ 25ರ ಹತ್ತಿರ. ನಾವು ಹಾಲಿನ ಸಾಲನ್ನು ತಿದ್ದುತ್ತಾ ಕೂತಿದ್ದೇವೆ, ಸಾಲ ಇರುವುದು ಬಿಸ್ಕತ್ತಿನ ಖಾತೆಯಲ್ಲಿ.

ಅವಳು 6% ಕೊಬ್ಬಿನ ಗಟ್ಟಿ ಹಾಲು ಹಾಕುತ್ತಿದ್ದರೆ ಮಾತು ಬೇರೆ. ಅದರಲ್ಲಿ 100 ಮಿ.ಲೀ.ಗೆ 87ರ ಆಸುಪಾಸು ಇರುತ್ತೆ, ಅಲ್ಲಿಂದ ನೀಲಿಗೆ ಇಳಿದರೂ ಲಾಭವೇ.

"ಬಾದಾಮಿಯದ್ದು ತರಿಸ್ಲಾ?" ಅಂತ ಕೇಳಿದಳು. ಇಲ್ಲೊಂದು ಎಚ್ಚರಿಕೆ. ಕರ್ನಾಟಕದಲ್ಲಿ ಬಾದಾಮಿ ಹಾಲು ಎಂದರೆ ಹಸುವಿನ ಹಾಲಿಗೆ ಬಾದಾಮಿ ಪುಡಿ, ಸಕ್ಕರೆ, ಹಳದಿ ಬಣ್ಣ. ನಾನು ಹಾಲು ಬಿಟ್ಟ ಮೊದಲ ವಾರ ನಮ್ಮ ಚಿಕ್ಕಮ್ಮ ಕಾಳಜಿಯಿಂದ ತಂದುಕೊಟ್ಟಿದ್ದು ಅದನ್ನೇ, ತಣ್ಣನೆಯ ಬಾಟಲಿ. "ಹಾಲು ಆಗಲ್ಲ ಅಂದ್ಯಲ್ಲ, ಬಾದಾಮಿ ಹಾಲು ಕುಡಿ." ಕುಡಿದೆ. ಆ ರಾತ್ರಿಯ ಕಥೆ ಬೇಡ. ನೀವು ಹುಡುಕುತ್ತಿರುವುದಕ್ಕೆ ಪೊಟ್ಟಣದ ಮೇಲೆ 'ಆಲ್ಮಂಡ್ ಡ್ರಿಂಕ್' ಅಥವಾ 'ಬೆವರೇಜ್' ಅಂತಿರುತ್ತೆ. ಗಿಡದಿಂದ ಬಂದದ್ದನ್ನು ಹಾಲು ಅಂತ ಕರೆದು ಮಾರುವಂತಿಲ್ಲ ಅನ್ನೋದು ಎಫ್‌ಎಸ್‌ಎಸ್‌ಎಐ, ಅಂದರೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಹಾಗೆ ಬರೆದ ಪೊಟ್ಟಣಗಳನ್ನು ಆನ್‌ಲೈನ್ ಅಂಗಡಿಗಳಿಂದ ತೆಗೆಯಿರಿ ಅಂತ 2021ರ ಸೆಪ್ಟೆಂಬರಲ್ಲಿ ಆದೇಶವೇ ಬಂತು. ತೆಂಗಿನಕಾಯಿ ಹಾಲಿಗೆ ಮಾತ್ರ ವಿನಾಯಿತಿ. ಸದ್ಯ, ಇಲ್ಲದಿದ್ದರೆ ನಮ್ಮ ಅಜ್ಜಿಯರೆಲ್ಲ ಕಾಯಿಹಾಲು ಅಂದಿದ್ದಕ್ಕೆ ದಂಡ ಕಟ್ಟಬೇಕಿತ್ತು.

ಸಕ್ಕರೆ ಹಾಕದ ಬಾದಾಮಿ ಪೇಯದಲ್ಲಿ 100 ಮಿ.ಲೀ.ಗೆ ಹದಿನೈದಿಪ್ಪತ್ತು ಕ್ಯಾಲೊರಿ ಅಷ್ಟೇ, ನಿಜ. ಯಾಕೆ ಕಡಿಮೆ ಅಂದರೆ ಅದರಲ್ಲಿ ಬಾದಾಮಿಯೇ ಕಡಿಮೆ. ಪೊಟ್ಟಣದ ಹಿಂದೆ ಸಣ್ಣಕ್ಷರದಲ್ಲಿ ಶೇಕಡಾ ಎಷ್ಟು ಅಂತ ಬರೆದಿರುತ್ತಾರೆ, ಕನ್ನಡಕ ಹಾಕಿಕೊಂಡು ಓದಿ. ಉಳಿದದ್ದು ನೀರು, ಗೋಂದಿನಂಥದ್ದು, ಉಪ್ಪು. ನೀಲಿ ಪ್ಯಾಕೆಟ್ಟಿನ ಐದಾರು ಪಟ್ಟು ದುಡ್ಡು ಕೊಟ್ಟು ತರುತ್ತೇವೆ. (2025ರ ಸೆಪ್ಟೆಂಬರ್ 22ರಿಂದ ಇವುಗಳ ಜಿಎಸ್‌ಟಿ 18%ರಿಂದ 5%ಕ್ಕೆ ಇಳಿದಿದೆ, ಸೋಯಾದ್ದು 12%ರಿಂದ 5%ಕ್ಕೆ. ಆದರೂ ದುಬಾರಿಯೇ.) ಅದನ್ನು ಹಾಕಿದ ಚಹಾ ಎಷ್ಟು ಪೇಲವ ಅಂದರೆ ನಾನು ಗೊತ್ತಿಲ್ಲದೇ ಅರ್ಧ ಚಮಚ ಸಕ್ಕರೆ ಜಾಸ್ತಿ ಹಾಕುತ್ತಿದ್ದೆ. ಉಳಿಸಿದ್ದರಲ್ಲಿ ಮೂರನೇ ಒಂದು ಪಾಲು ಅಲ್ಲೇ ಹೋಯಿತು.

ಈಗ ಹೊಟ್ಟೆಯ ವಿಷಯ. ನಲವತ್ತು ದಾಟಿದ ಮೇಲೆ ನನಗೆ ಚಹಾ ಕುಡಿದ ಅರ್ಧ ಗಂಟೆಗೆ ಹೊಟ್ಟೆಯಲ್ಲಿ ಗುಡುಗು ಶುರುವಾಯಿತು. ಗ್ಯಾಸ್ಟ್ರಿಕ್ ಅಂದುಕೊಂಡು ಎರಡು ವರ್ಷ ಮಾತ್ರೆ ನುಂಗಿದೆ. ಕೊನೆಗೆ ಒಬ್ಬ ವೈದ್ಯರು ಎರಡು ವಾರ ಹಾಲು ಪೂರ್ತಿ ಬಿಟ್ಟು ನೋಡಮ್ಮ ಎಂದರು. ಮೂರನೇ ದಿನಕ್ಕೇ ಗುಡುಗು ನಿಂತಿತು. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಒಡೆಯಲು ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಎಳೆಯ ವಯಸ್ಸು ಕಳೆದ ಮೇಲೆ ಬಹಳ ಜನಕ್ಕೆ ಅದು ಕಡಿಮೆಯಾಗುತ್ತಾ ಹೋಗುತ್ತೆ, ದಕ್ಷಿಣದ ನಮ್ಮಲ್ಲಿ ಉತ್ತರದವರಿಗಿಂತ ಹೆಚ್ಚು ಮಂದಿಗೆ. ಅದು ರೋಗವಲ್ಲ. ಮೊಸರು, ಮಜ್ಜಿಗೆ ನನಗೆ ಏನೂ ಮಾಡುವುದಿಲ್ಲ, ಹೆಪ್ಪಿನ ಬ್ಯಾಕ್ಟೀರಿಯಾ ಆ ಸಕ್ಕರೆಯನ್ನು ನಮಗಿಂತ ಮೊದಲೇ ಒಂದಷ್ಟು ತಿಂದು ಮುಗಿಸಿರುತ್ತೆ.

ಒಂದು ಲೋಟ ಚಹಾದಲ್ಲಿ ಲ್ಯಾಕ್ಟೋಸ್ ಮೂರೂವರೆ ಗ್ರಾಂ ಅಷ್ಟೇ. ಒಂದು ಸಲಕ್ಕೆ 12 ಗ್ರಾಂವರೆಗೂ ಹೆಚ್ಚಿನವರಿಗೆ ತೊಂದರೆಯಾಗುವುದಿಲ್ಲ ಅನ್ನುತ್ತಾರೆ. ಹಾಗಾದರೆ ನನಗೇಕೆ? ಆಮೇಲೆ ಹೊಳೆಯಿತು: ಆಗ ನಾನು ಬೆಳಿಗ್ಗೆ ಎದ್ದಕೂಡಲೇ ಒಂದು ದೊಡ್ಡ ಲೋಟ ಹಾಲು, ಅದರ ಬೆನ್ನಿಗೇ ಚಹಾ, ಹನ್ನೊಂದಕ್ಕೆ ಮತ್ತೊಂದು. ಬೈದದ್ದು ಚಹಾವನ್ನು, ತಪ್ಪು ಮಾಡಿದ್ದು ಆ ದೊಡ್ಡ ಲೋಟ. ಇದು ಗೊತ್ತಾಗುವ ಹೊತ್ತಿಗೆ ಅಡುಗೆಮನೆ ಪ್ರಯೋಗಶಾಲೆಯಾಗಿತ್ತು.

ಮೊದಲು ಸೋಯಾ. ಕುದಿಯುವ ಶುಂಠಿ ಚಹಾಕ್ಕೆ ಸುರಿದೆ, ಒಡೆಯಿತು. ಚಹಾ ಸ್ವಲ್ಪ ಹುಳಿ, ಮೇಲೆ ಬಿಸಿ, ಜೊತೆಗೆ ನಮ್ಮ ಬೋರ್‌ವೆಲ್ ನೀರಿನ ಸುಣ್ಣ. ತೋಫು ಮಾಡುವುದೂ ಹೆಚ್ಚುಕಡಿಮೆ ಹೀಗೆಯೇ ಅಂತ ಆಮೇಲೆ ಓದಿದೆ. ಒಲೆ ಆರಿಸಿ, ಡಿಕಾಕ್ಷನ್ ಸೋಸಿ, ಒಂದೆರಡು ನಿಮಿಷ ಬಿಟ್ಟು, ಬೆಚ್ಚಗೆ ಮಾಡಿದ ಸೋಯಾಕ್ಕೆ ಚಹಾವನ್ನು ನಿಧಾನ ಹೊಯ್ದರೆ ಒಡೆಯುವುದಿಲ್ಲ. ಹೌದು, ಉಲ್ಟಾ: ಹಾಲಿಗೆ ಚಹಾ. ಗಿಡದಿಂದ ಬಂದವುಗಳಲ್ಲಿ ನಾನು ಹಾಕಿ ನೋಡಿದ್ದರ ಪೈಕಿ ಪ್ರೋಟೀನ್ ಹೆಚ್ಚುಕಡಿಮೆ ಹಸುವಿನ ಹಾಲಿನಷ್ಟು ಇರುವುದು ಇದೊಂದರಲ್ಲೇ. ಆದರೆ ಹಸಿ ಕಾಳಿನ ವಾಸನೆ ಏಲಕ್ಕಿಗೂ ಬಗ್ಗುವುದಿಲ್ಲ.

ಓಟ್ಸ್ ಪೇಯದ ರುಚಿ ನಿಜಕ್ಕೂ ಚೆನ್ನಾಗಿದೆ, ಒಪ್ಪಬೇಕು. ಚೆನ್ನಾಗಿರಲು ಕಾರಣ ಅದರ ಪಿಷ್ಟವನ್ನು ಕಿಣ್ವ ಹಾಕಿ ಸಕ್ಕರೆಯಾಗಿ ಒಡೆದಿರುತ್ತಾರೆ. 'ಸಕ್ಕರೆ ಸೇರಿಸಿಲ್ಲ' ಅಂತ ಬರೆದಿದ್ದರೂ ಸಿಹಿ ಒಳಗೇ ಹುಟ್ಟಿರುತ್ತೆ. ಶುಗರ್ ಇರುವವರು ಇದನ್ನು ಆರೋಗ್ಯ ಅಂತ ಲೋಟಗಟ್ಟಲೆ ಕುಡಿಯುವುದು ನೋಡಿದರೆ ನನಗೆ ಸಂಕಟ. ಅದೇ ಹುರುಪಿನಲ್ಲಿ ರಾಗಿ ಹಾಲು ತೆಗೆದು ಹಾಕಿದೆ. ಊರಿಂದ ಬಂದಿದ್ದ ಅಮ್ಮ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು: "ಎಂತ ಮಾಡಿಟ್ಟಿದ್ಯೇ ಇದು, ಅಂಬ್ಲಿಗೆ ಚಾಪುಡಿ ಹಾಕಿದ್ಯಾ?" ಬಿಸಿ ತಾಗಿದರೆ ರಾಗಿ ಗಟ್ಟಿಯಾಗದೇ ಇರುತ್ತಾ, ನನಗಾದರೂ ಹೊಳೆಯಬೇಕಿತ್ತು.

ಕಾಯಿಹಾಲಿಗೆ ಬಂದರೆ ನಾದಿನಿಯ ಪ್ರಶ್ನೆಗೂ ನನ್ನ ಪ್ರಶ್ನೆಗೂ ಇರುವ ದೂರ ಗೊತ್ತಾಗುತ್ತೆ. ಲ್ಯಾಕ್ಟೋಸ್ ಸೊನ್ನೆ. ಕ್ಯಾಲೊರಿ? ಮೊದಲ ಸಲ ಹಿಂಡಿದ ದಪ್ಪ ಹಾಲಿನಲ್ಲಿ 100 ಮಿ.ಲೀ.ಗೆ 200ರ ಹತ್ತಿರ, ನೀಲಿ ಪ್ಯಾಕೆಟ್ಟಿನ ಮೂರು ಪಟ್ಟಿಗೂ ಮೇಲೆ. ನನ್ನ ಹೊಟ್ಟೆ ತಣ್ಣಗಿರುತ್ತೆ, ಅವಳ ಸೀರೆ ಬ್ಲೌಸ್ ಬಿಗಿಯುತ್ತೆ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ನಾವು ಕುಡಿಯುವ ಚಹಾಪುಡಿಯೇ ಹಾಲಿಗೆ ಒಗ್ಗಿದ್ದು. ಕಾಳುಕಾಳಾದ ಸಿಟಿಸಿ ಪುಡಿ, 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಶುರುವಾದ ಯಂತ್ರದ್ದು, ಎಲೆಯನ್ನು ಜಜ್ಜಿ ಹರಿದು ಸುರುಳಿ ಸುತ್ತುತ್ತೆ. ಬಣ್ಣ ಗಾಢ, ಒಗರು ಜಾಸ್ತಿ. ಹಸುವಿನ ಹಾಲಿನಲ್ಲಿರುವ ಕೇಸಿನ್ ಎಂಬ ಪ್ರೋಟೀನ್ ಆ ಒಗರನ್ನು ಹಿಡಿದು ಕಟ್ಟಿಹಾಕುತ್ತೆ. ಬಾದಾಮಿ ನೀರಿನಲ್ಲಿ ಕೇಸಿನ್ ಎಲ್ಲಿಂದ ಬರಬೇಕು? ಅದಕ್ಕೇ ಚಹಾ ಒಂದೇ ಸಲಕ್ಕೆ ನೀರುನೀರೂ ಹೌದು, ಕಹಿಯೂ ಹೌದು. ಪುಡಿ ಕಡಿಮೆ ಮಾಡಿ, ಕುದಿಸುವ ಹೊತ್ತು ಅರ್ಧ ಮಾಡಿ. ಹಾಲೇ ಬೇಡ ಅನ್ನುವವರು ಎಲೆಯನ್ನೇ ಬದಲಿಸಿ. ನೀಲಗಿರಿಯ ಆರ್ಥಡಾಕ್ಸ್ ಎಲೆ (ಕಾಳುಕಾಳಾಗಿ ಜಜ್ಜದೆ ಎಲೆಯಾಗಿಯೇ ಸುತ್ತಿದ್ದು) ತಂದು ಮೂರು ನಿಮಿಷ ಬಿಸಿನೀರಿನಲ್ಲಿ ಬಿಟ್ಟು ಸೋಸಿ ನೋಡಿ. ಕರಾವಳಿಯವರು ಹಾಲಿಲ್ಲದ ಕಣ್ಣ ಚಾ ಕುಡಿದುಕೊಂಡು ಆರಾಮಾಗಿಲ್ಲವೇ?

ಹಾಲಿನ ಅಲರ್ಜಿ ಇರುವವರದು ಮಾತ್ರ ಬೇರೆ ದಾರಿ, ಅವರಿಗೆ ನನ್ನ ಹಾಗೆ ಅಷ್ಟಿಷ್ಟು ರಾಜಿ ನಡೆಯುವುದಿಲ್ಲ. 'ನಾನ್ ಡೈರಿ' ಅಂತ ಬರೆದ ಕ್ರೀಮರ್ ಪುಡಿಯಲ್ಲೂ ಎಷ್ಟೋ ಸಲ ಸೋಡಿಯಂ ಕೇಸಿನೇಟ್ ಇರುತ್ತೆ, ಅದು ಹಾಲಿನದ್ದೇ ಪ್ರೋಟೀನ್.

ನಾನೀಗ ಏನು ಮಾಡುತ್ತೇನೆ? ಬೆಳಗಿನ ದೊಡ್ಡ ಲೋಟ ಬಿಟ್ಟೆ. ಮೊದಲ ಚಹಾಕ್ಕೆ ಲ್ಯಾಕ್ಟೋಸ್ ಮುಕ್ತ ಹಾಲು, ಅಮುಲ್‌ನವರದ್ದು ಸಿಗುತ್ತೆ. ಹಸುವಿನ ಹಾಲೇ, ಲ್ಯಾಕ್ಟೋಸನ್ನು ಮೊದಲೇ ಒಡೆದಿಟ್ಟಿರುತ್ತಾರೆ. ಹಾಗಾಗಿ ತುಸು ಸಿಹಿ, ಸಕ್ಕರೆ ಕಾಲು ಚಮಚ ಸಾಕು. ಕ್ಯಾಲೊರಿ ಒಂದು ಚೂರೂ ಕಡಿಮೆಯಲ್ಲ, ಅದೇ ಬೇಕೆಂದವರು ಇದನ್ನು ತರಬೇಡಿ. ಸಂಜೆಗೆ ಗೋಡಂಬಿ: ಹತ್ತು ಗೋಡಂಬಿ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿ ನುಣ್ಣಗೆ ರುಬ್ಬಿದರೆ ನಾಲ್ಕು ಲೋಟಕ್ಕಾಗುತ್ತೆ, ಸೋಸುವುದೂ ಬೇಡ. ಲೋಟಕ್ಕೆ ಇಪ್ಪತ್ತು ಚಿಲ್ಲರೆ ಕ್ಯಾಲೊರಿ. ಚಹಾದ ಜೊತೆ ಕುದಿಸಬಾರದು, ದಪ್ಪಗಾಗುತ್ತೆ. ಕ್ಯಾಲ್ಸಿಯಂ ಇದರಲ್ಲಿ ಅಷ್ಟಕ್ಕಷ್ಟೆ, ಅದಕ್ಕೆ ಮೊಸರಿದೆ, ರಾಗಿಮುದ್ದೆಯಿದೆ.

ನಾದಿನಿಗೆ ನಾನು ಹೇಳಿದ್ದು ಇಷ್ಟೇ: ನೀಲಿ ಪ್ಯಾಕೆಟ್ ಬದಲಿಸಬೇಡ, ಸಕ್ಕರೆ ಒಂದು ಚಮಚ ಮಾಡು, ಲೋಟ ಚಿಕ್ಕದು ಮಾಡು, ಬಿಸ್ಕತ್ತಿನ ಡಬ್ಬ ಅಟ್ಟಕ್ಕೆ ಹಾಕು. "ಇದನ್ನ ಹೇಳೋಕೆ ನೀವೇ ಬೇಕಿತ್ತಾ" ಅಂದು ಇಟ್ಟಳು. ಮೊನ್ನೆ ಮತ್ತೆ ಫೋನ್. ಬಾದಾಮಿ ಪೇಯ ಒಂದು ಲೀಟರ್ ತರಿಸಿದ್ದಾಳೆ, ಚಹಾಕ್ಕೆ ಹಾಕಿ ನೋಡಿ ಮನೆಯವರೆಲ್ಲ ಮುಖ ಸಿಂಡರಿಸಿದ್ದಾರೆ. ತೆರೆದದ್ದನ್ನು ಫ್ರಿಜ್ಜಿನಲ್ಲಿಟ್ಟರೂ ನಾಲ್ಕೈದು ದಿನದೊಳಗೆ ಮುಗಿಸಬೇಕು, ಶ್ಯಾವಿಗೆ ಪಾಯಸ ಮಾಡಿಬಿಡು ಎಂದೆ.

"ಸರಿ ಅತ್ತಿಗೆ. ಒಂದು ಲೀಟರಿಗೆ ಸಕ್ಕರೆ ಎಷ್ಟು ಹಾಕ್ಲಿ?"